ಯಾವ ಮೇವಿಗೆ ಯಾವ ಹೆಪ್ಪು?

ಕಲ್ಲೋಳಿ, ಗೋಕಾಕ, ಹುಕ್ಕೇರಿ ಕಡೆ ನೀರಾವರಿ ಇದ್ದವರ ಮನೆಯಲ್ಲೂ ಹಸಿಮೇವು ವರ್ಷವಿಡೀ ಒಂದೇ ಸಮ ಸಿಗುವುದಿಲ್ಲ. ಮಳೆಗಾಲದಲ್ಲಿ ನೇಪಿಯರ್ ಕೊಯ್ದಷ್ಟೂ ಚಿಗುರುತ್ತದೆ, ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಹಸಿ ಸೋಗೆ ರಾಶಿ ಬೀಳುತ್ತದೆ. ಏಪ್ರಿಲ್ ಬಂತೆಂದರೆ ಎಮ್ಮೆಯ ಮುಂದೆ ಒಣ ಕಣಿಕೆ. ಹೆಚ್ಚಿದ್ದಾಗ ಕೂಡಿಡಲು ಇರುವ ದಾರಿ ರಸಮೇವು, ಅಂದರೆ ಸೈಲೇಜ್. ಅದಕ್ಕೆ ಬೆರೆಸುವ ಸೂಕ್ಷ್ಮಾಣುಗಳ ಪುಡಿ, ಕಿಣ್ವದ ಪೊಟ್ಟಣ ಈಗ ಸಲೀಸಾಗಿ ಸಿಗುತ್ತವೆ. ಕೊಳ್ಳುವ ಮೊದಲು ನಿಮ್ಮ ಮೇವಿಗೆ ಏನು ಕಡಿಮೆ ಬಿದ್ದಿದೆ ನೋಡಿ. ಆಯ್ಕೆ ಅಲ್ಲಿಂದ ಶುರುವಾಗಲಿ.

ಹಾಲಿಗೆ ಹೆಪ್ಪು ಹಾಕಿದಾಗ ಆಗುವುದೇ ಇಲ್ಲೂ ಆಗುತ್ತದೆ. ಕತ್ತರಿಸಿದ ಮೇವನ್ನು ಗಾಳಿಯಾಡದಂತೆ ತುಳಿದು ಮುಚ್ಚಿದರೆ, ಅದರ ಮೇಲಿದ್ದ ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 4ಕ್ಕೆ ಇಳಿದರೆ ಮೇವು ಕೆಡುವುದು ನಿಲ್ಲುತ್ತದೆ. ಇಳಿಯುವುದು ತಡವಾದರೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಾ ಎಂಬ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಆ ಕೊಳೆತ ನಾತ ಕೈಗೆ ಹತ್ತಿದರೆ ಸಾಬೂನಿಗೂ ಬಗ್ಗುವುದಿಲ್ಲ. ಫಿನ್‌ಲ್ಯಾಂಡಿನ ವಿರ್ತಾನೆನ್ ಬ್ಯಾಕ್ಟೀರಿಯಾಗಳಿಗೆ ಕಾಯದೆ ಮೇವಿಗೆ ನೇರ ಆಮ್ಲವನ್ನೇ ಸುರಿಯುವ ವಿಧಾನ ತಂದರು. 1945ರಲ್ಲಿ ಅವರಿಗೆ ನೊಬೆಲ್ ಸಿಕ್ಕಾಗ ಆ ಕೆಲಸವೂ ಲೆಕ್ಕಕ್ಕೆ ಬಂದಿತ್ತು. ನಮ್ಮ ಕೊಟ್ಟಿಗೆಗೆ ಸೂಕ್ಷ್ಮಾಣುಗಳೇ ವಾಸಿ. ಆಮ್ಲ ಕೈ ಸುಡುತ್ತದೆ.

ಹಾಲುಗಾಳಿನ ಗೋವಿನಜೋಳದಲ್ಲಿ ಸಕ್ಕರೆ ಸಾಕಷ್ಟಿರುತ್ತದೆ, ಪುಡಿ ಇಲ್ಲದೆಯೂ ರಸಮೇವು ಆಗುತ್ತದೆ. ಕಷ್ಟ ಕೊಡುವುದು ನೇಪಿಯರ್. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ಇರಲಿ, ತಮಿಳುನಾಡಿನ ಸಿಒ-4 ಇರಲಿ, ಎಳೆಯದನ್ನು ಕೊಯ್ದರೆ ನೂರರಲ್ಲಿ 80 ಪಾಲು ನೀರೇ. ಸಕ್ಕರೆಯೂ ಕಡಿಮೆ. ಆದ್ದರಿಂದ ಮೊದಲ ಮದ್ದು ಬಿಸಿಲು. ಕೊಯ್ದು ಅರ್ಧ ದಿನದಿಂದ ಒಂದು ದಿನ ಬಾಡಿಸಿ. ಆಮೇಲೆ ಕತ್ತರಿಸಿದ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಕೈ ಬಿಚ್ಚಿ. ರಸ ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ಹದ ಬಂದಿದೆ. ಟನ್ನಿಗೆ 20ರಿಂದ 40 ಕೆಜಿ ಕಾಕಂಬಿ ಬೆರೆಸಿದರೆ ಸಕ್ಕರೆಯ ಕೊರತೆ ನೀಗುತ್ತದೆ. ಕಾಕಂಬಿ ಸಿಗದವರು ಕಡಿಮೆ ದರದ ಬೆಲ್ಲ ಕರಗಿಸಿ ಚಿಮುಕಿಸಬಹುದು.

ಈ ಹುಲ್ಲಿಗೆ ಹೊಂದುವ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್. ಸಿಕ್ಕ ಸಕ್ಕರೆಯನ್ನು ಪೋಲು ಮಾಡದೆ ಬಹುಪಾಲು ಲ್ಯಾಕ್ಟಿಕ್ ಆಮ್ಲವನ್ನೇ ಮಾಡುತ್ತದೆ. ಕಿಣ್ವದ ಕೆಲಸ ಬೇರೆ: ಸೆಲ್ಯುಲೇಸ್, ಹೆಮಿಸೆಲ್ಯುಲೇಸ್ ಹುಲ್ಲಿನ ನಾರನ್ನು ಒಡೆದು ಸಕ್ಕರೆ ಬಿಡಿಸುತ್ತವೆ, ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತದೆ. ಎಳೆಯ ನಾರಿನ ಮೇಲೆ ಕಿಣ್ವ ಚೆನ್ನಾಗಿ ನಡೆಯುತ್ತದೆ, ಬಲಿತು ಕಡ್ಡಿಯಾದ ಹುಲ್ಲಿನ ಮೇಲೆ ಅಷ್ಟಕ್ಕಷ್ಟೆ. ಬಾಡಿಸದ ಹುಲ್ಲಿಗೆ ಹಾಕಿದರೆ ಚೀಲದ ಬುಡದಲ್ಲಿ ರಸ ಇನ್ನಷ್ಟು ಸೋರುತ್ತದೆ. ನನ್ನನ್ನು ಕೇಳಿದರೆ, ಸಣ್ಣ ರೈತರು ಕಿಣ್ವದ ದುಡ್ಡನ್ನು ಕಾಕಂಬಿಗೆ ಹಾಕುವುದೇ ಲೇಸು.

ಪೊಟ್ಟಣದ ಹಿಂಬದಿ ಓದುವುದನ್ನು ಕಲಿಯಿರಿ. ಒಂದು ಗ್ರಾಂ ಮೇವಿಗೆ ಕನಿಷ್ಠ 1 ಲಕ್ಷ ಜೀವಂತ ಬ್ಯಾಕ್ಟೀರಿಯಾ ಬೀಳಬೇಕೆಂಬುದು ರೂಢಿಯ ಅಳತೆ. ಟನ್ನಿನಲ್ಲಿ 10 ಲಕ್ಷ ಗ್ರಾಂ ಇರುವುದರಿಂದ ಟನ್ನಿಗೆ 10,000 ಕೋಟಿ ಬೇಕು. ಗ್ರಾಂ ಪುಡಿಯಲ್ಲಿ 1,000 ಕೋಟಿ ಎಂದು ಬರೆದಿದ್ದರೆ ಟನ್ನಿಗೆ 10 ಗ್ರಾಂ. ಸಂಖ್ಯೆಯನ್ನೇ ಬರೆಯದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಡಿ. ಕ್ಲೋರಿನ್ ಬೆರೆತ ನಲ್ಲಿ ನೀರಲ್ಲಿ ಕಲಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಬಾವಿ ಅಥವಾ ಬೋರಿನ ನೀರು ಒಳ್ಳೆಯದು. ಕಲಸಿದ್ದನ್ನು ಬಿಸಿಲಲ್ಲಿ ಇಡಬೇಡಿ, ಅಂದೇ ಮುಗಿಸಿ. ಇದರ ಬದಲು ಮಜ್ಜಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಮಜ್ಜಿಗೆಯ ಬ್ಯಾಕ್ಟೀರಿಯಾ ಹಾಲಿಗೆ ಒಗ್ಗಿದವು, ಹುಲ್ಲಿನಲ್ಲಿ ಅವನ್ನು ನೆಚ್ಚಲಾಗದು.

ಇನ್ನು ಕಬ್ಬು. ಇಲ್ಲಿ ತೊಂದರೆ ತಿರುವುಮುರುವು: ಸಕ್ಕರೆ ಹೆಚ್ಚು, ಅದಕ್ಕೆ ಮುತ್ತುವ ಯೀಸ್ಟ್ ಅದನ್ನು ಮದ್ಯ ಮಾಡಿಬಿಡುತ್ತದೆ. ಇಡೀ ಕಬ್ಬಿನ ರಸಮೇವು ಮಾಡುವ ಬ್ರೆಜಿಲ್‌ನಲ್ಲಿ ಪ್ಲಾಂಟಾರಮ್ ಹಾಕಿದಾಗ ನಷ್ಟ ಹೆಚ್ಚಿದ್ದೂ ಕಂಡಿದೆ. ಯೀಸ್ಟ್ ಅಡಗಿಸಿದ್ದು ಬುಕ್ನೆರಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಅದು ಮಾಡುವ ಅಸಿಟಿಕ್ ಆಮ್ಲ ಯೀಸ್ಟ್, ಬೂಷ್ಟು ಎರಡಕ್ಕೂ ವಿಷ. ಆದರೆ ಬುಕ್ನೆರಿ ನಿಧಾನಿ, ಒಂದೂವರೆಯಿಂದ ಎರಡು ತಿಂಗಳು ಮುಚ್ಚಿಟ್ಟರೇ ಫಲ. ತುದಿಯ ಸೋಗೆಯಲ್ಲಿ ಸಕ್ಕರೆ ಕಬ್ಬಿನಷ್ಟಿಲ್ಲ, ಆದರೂ ದಂಟಿನ ತುಂಡು ಜಾಸ್ತಿ ಸೇರಿದ್ದರೆ ಬುಕ್ನೆರಿಯನ್ನೇ ಕೇಳಿ. ಬೇಸಿಗೆಯಲ್ಲಿ ತೆರೆದೊಡನೆ ಬಿಸಿಯೇರುವ ಗೋವಿನಜೋಳಕ್ಕೂ ಇದೇ ಸರಿ.

ಸಡಿಲವಾಗಿ ತುಂಬಿದ್ದನ್ನು, ಮಣ್ಣು ಮೆತ್ತಿದ ಹುಲ್ಲನ್ನು, ಇಲಿ ಕಡಿದ ಹಾಳೆಯನ್ನು ಯಾವ ಪುಡಿಯೂ ಸರಿಮಾಡದು. ಒಂದೆರಡು ಸೆಂಟಿಮೀಟರಿಗೆ ಕತ್ತರಿಸಿ, ಪದರ ಪದರಕ್ಕೂ ಸಿಂಪಡಿಸಿ, ತುಳಿಯಿರಿ. ಮೊದಲ ಸಲ ಗುಂಡಿ ಬೇಡ, ಎರಡು ಚೀಲ ಸಾಕು: ಒಂದಕ್ಕೆ ಪುಡಿ, ಇನ್ನೊಂದಕ್ಕೆ ಇಲ್ಲ. ಎರಡು ತಿಂಗಳಾದ ಮೇಲೆ ಎರಡನ್ನೂ ಒಂದೇ ದಿನ ಬಿಚ್ಚಿ, ಮೂಸಿ, ಕೈ ಹಾಕಿ ಬಿಸಿ ನೋಡಿ, ಎಮ್ಮೆಯ ಮುಂದೆ ಇಡಿ. ಅನುಮಾನವಿದ್ದರೆ ಒಂದೊಂದು ಹಿಡಿ ಮಾದರಿ ಕಟ್ಟಿಕೊಂಡು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.