ಪಟ್ಟಿಯಲ್ಲಿ ಆ ಪುಸ್ತಕವೇ ಏಕೆ ಮೊದಲು?

ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಓಪ್ಯಾಕ್ ಕಂಪ್ಯೂಟರಿನ ಪಕ್ಕದಲ್ಲೇ ನನ್ನ ಕೌಂಟರ್. ವಿದ್ಯಾರ್ಥಿಗಳು ಏನು ಟೈಪ್ ಮಾಡುತ್ತಾರೆ, ಪಟ್ಟಿ ಬಂದಾಗ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ಕೂತಲ್ಲಿಂದಲೇ ಕಾಣುತ್ತದೆ. ಹೆಚ್ಚಿನವರು ಮೊದಲ ನಾಲ್ಕೈದು ಹೆಸರು ಓದಿ ಎದ್ದುಬಿಡುತ್ತಾರೆ. ಅಷ್ಟರಲ್ಲಿ ಬೇಕಾದ್ದು ಸಿಗದಿದ್ದರೆ ಪುಸ್ತಕವೇ ಇಲ್ಲ ಎಂದುಕೊಳ್ಳುತ್ತಾರೆ. ಅದು ಹಿಂದಿನ ಕಪಾಟಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಪಟ್ಟಿ ಈ ಕ್ರಮದಲ್ಲಿ ಏಕೆ ಬಂತು ಎಂದು ವಿವರಿಸುವುದು ಪುಸ್ತಕ ಕೊಡುವಷ್ಟೇ ಮುಖ್ಯವಾದ ಕೆಲಸ ಎಂದು ನಂಬಿದ್ದೇನೆ. ಹೇಳುತ್ತಾ ಹೇಳುತ್ತಾ ಕಲಿತದ್ದು ಇಷ್ಟು, ನನ್ನಂಥ ಗ್ರಂಥಪಾಲಕರಿಗಾಗಿ.

1. ಕಂಪ್ಯೂಟರು ಪುಸ್ತಕವನ್ನು ಓದಿಲ್ಲ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ಒಬ್ಬ ಹುಡುಗಿ "ಕಾರಂತರ ಕಾದಂಬರಿ" ಎಂದು ಹುಡುಕಿದಳು. ಬಂದದ್ದೆಲ್ಲ ವಿಮರ್ಶೆಯ ಪುಸ್ತಕಗಳು. "ಸರ್, ಮೂಕಜ್ಜಿಯ ಕನಸುಗಳು ನಮ್ಮಲ್ಲಿ ಇಲ್ವಾ?" ಎಂದು ಕೇಳಿದಳು. ಆ ಪುಸ್ತಕದ ದಾಖಲೆಯನ್ನು ಬೇರೆಯಾಗಿ ತೆರೆದು ತೋರಿಸಿದೆ. ಶೀರ್ಷಿಕೆ: ಮೂಕಜ್ಜಿಯ ಕನಸುಗಳು. ಲೇಖಕರು: ಕಾರಂತ, ಕೋಟ ಶಿವರಾಮ. ಆಮೇಲೆ ಪ್ರಕಾಶಕರು, ವರ್ಷ, ಪುಟಸಂಖ್ಯೆ, ವಿಷಯ, ಕಾಲ್ ನಂಬರ್. "ಇದರಲ್ಲಿ 'ಕಾರಂತರ' ಅನ್ನೋ ಪದ ಎಲ್ಲಿದೆ, ಹುಡುಕಮ್ಮ" ಎಂದೆ. ಎಲ್ಲೂ ಇರಲಿಲ್ಲ. ವಿಮರ್ಶೆಯ ಪುಸ್ತಕಗಳಲ್ಲಾದರೋ ಹೆಸರಿನಲ್ಲೇ ಎರಡೂ ಪದಗಳಿದ್ದವು.

ಅವಳಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. ಈ ಕಾದಂಬರಿಗೆ ಜ್ಞಾನಪೀಠ ಬಂದಿದೆ ಎಂಬುದಾಗಲಿ, ಇದು ಕಾರಂತರದೇ ಎಂಬುದಾಗಲಿ ಕಂಪ್ಯೂಟರಿಗೆ ತಾನಾಗಿ ತಿಳಿಯದು. ಅದಕ್ಕೆ ಗೊತ್ತಿರುವುದು ಪುಸ್ತಕದ ಬಗ್ಗೆ ನಾವು ಗ್ರಂಥಪಾಲಕರು ತುಂಬಿದ ಹತ್ತಾರು ಸಾಲು ಮಾತ್ರ. ಲೇಖಕರ ಕಾಲಂ ಆರಿಸಿಕೊಂಡು ಬರೀ "ಕಾರಂತ" ಎಂದು ಕೊಟ್ಟಾಗ ಕಾದಂಬರಿಗಳೆಲ್ಲ ಸಾಲಾಗಿ ಬಂದವು, ಜೊತೆಗೆ ಬಿ.ವಿ. ಕಾರಂತರ ಹೆಸರೂ ಬಂತು. ಕ್ಯಾಟಲಾಗು ಬರೀ ಅಕ್ಷರ ನೋಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

2. ಹೆಚ್ಚು ಪದ ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಬಿಡಿಸಿ.

ಒಂದು ಪದ ಸಿಕ್ಕರೂ ಸಾಕು ಎನ್ನುವ ಕ್ಯಾಟಲಾಗ್ ಉಂಟು, ಎಲ್ಲ ಪದಗಳೂ ಇರಲೇಬೇಕು ಎನ್ನುವುದೂ ಉಂಟು. ನಮ್ಮಲ್ಲಿರುವ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಸಾಮಾನ್ಯವಾಗಿ ಎರಡನೆಯ ಬಗೆ. "ಕರ್ನಾಟಕದಲ್ಲಿ ಕೆರೆ ನೀರಾವರಿಯ ಇತಿಹಾಸ" ಎಂದು ಪ್ರಬಂಧದ ತಲೆಬರಹವನ್ನೇ ಹೊಡೆದರೆ ಪರದೆ ಖಾಲಿ. "ಕೆರೆ" ಎಂದಷ್ಟೇ ಹೊಡೆದರೆ ಪುಸ್ತಕ ಸಿಗುತ್ತದೆ.

3. ಪಟ್ಟಿಯ ಕ್ರಮ ತೀರ್ಮಾನವಾಗುವಾಗ ಅಪರೂಪದ ಪದಕ್ಕೆ ತೂಕ ಜಾಸ್ತಿ.

ಇದನ್ನು ಮೊದಲು ಸೂತ್ರವಾಗಿ ಬರೆದವರು ಕೇಂಬ್ರಿಡ್ಜಿನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್, 1972ರಲ್ಲಿ. ಎಲ್ಲ ದಾಖಲೆಗಳಲ್ಲೂ ಇರುವ ಪದದಿಂದ ಒಂದನ್ನೊಂದು ಬೇರೆ ಮಾಡಲಾಗದು. ಕೆಲವೇ ದಾಖಲೆಗಳಲ್ಲಿರುವ ಪದದಿಂದ ಮಾಡಬಹುದು. ಕನ್ನಡ ವಿಭಾಗದ ಕ್ಯಾಟಲಾಗಿನಲ್ಲಿ "ಕರ್ನಾಟಕ", "ಸಾಹಿತ್ಯ", "ಅಧ್ಯಯನ" ಎಂಬ ಪದಗಳಿಗೆ ಬೆಲೆಯೇ ಇಲ್ಲ, "ತಲಕಾಡು" ಎಂಬುದಕ್ಕೆ ಇದೆ. ಮುಂದೆ ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು ಇದನ್ನು ಬೆಳೆಸಿ ಬಿಎಂ25 ಎಂಬ ಸೂತ್ರ ಮಾಡಿದರು. ಎಲಾಸ್ಟಿಕ್‌ಸರ್ಚ್‌ನಂಥ ತಂತ್ರಾಂಶಗಳು ಇಂದಿಗೂ ಅದನ್ನೇ ಬಳಸುತ್ತವೆ. ಆ ಸೂತ್ರ ಬೆಳೆದ ಒಕಾಪಿ ಎಂಬ ವ್ಯವಸ್ಥೆ ಶುರುವಾದದ್ದೇ ಗ್ರಂಥಾಲಯದ ಕ್ಯಾಟಲಾಗಿನ ಪ್ರಯೋಗವಾಗಿ. ನಮ್ಮ ವೃತ್ತಿಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ಅದೇ ಸೂತ್ರದ ಇನ್ನೊಂದು ಗುಣವೂ ಓದುಗರಿಗೆ ಗೊತ್ತಿರಲಿ. ಚಿಕ್ಕ ದಾಖಲೆಯಲ್ಲಿ ಪದ ಸಿಕ್ಕರೆ ಅಂಕ ಹೆಚ್ಚು, ಉದ್ದನೆಯ ದಾಖಲೆಯಲ್ಲಿ ಸಿಕ್ಕರೆ ಕಡಿಮೆ. ಎರಡು ಪದದ ಶೀರ್ಷಿಕೆಯ ಕಿರುಹೊತ್ತಗೆ ಉದ್ದನೆಯ ದಾಖಲೆಯುಳ್ಳ ಎಂಟುನೂರು ಪುಟದ ಗ್ರಂಥಕ್ಕಿಂತ ಮೇಲೆ ಕೂರುವುದು ಹೀಗೆ. ಮೇಲಿದೆ ಎಂದ ಮಾತ್ರಕ್ಕೆ ಅದು ಉತ್ತಮ ಪುಸ್ತಕ ಎಂದಲ್ಲ.

4. ಕನ್ನಡದ ಪದ ಕೊನೆಯಲ್ಲಿ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಟೈಪ್ ಮಾಡುವುದನ್ನು ಕಲಿಸಿ.

ಇಂಗ್ಲಿಷ್ ಪುಸ್ತಕ ಹುಡುಕುವಾಗ ಇಷ್ಟಾಗಿ ಕಾಣದ ತೊಂದರೆ ಇದು. "ಕಾಡು" ಎಂದು ಹುಡುಕಿದವರಿಗೆ "ಕಾಡಿನ" ಎಂದಿರುವ ಶೀರ್ಷಿಕೆ ಸಿಗುವುದಿಲ್ಲ. ಪದದ ಕೊನೆಗೆ ನಕ್ಷತ್ರದ ಗುರುತು ಹಾಕಿದರೆ ಮುಂದೆ ಏನಿದ್ದರೂ ಬರಲಿ ಎಂದರ್ಥ, ಕೆಲವು ಕಡೆ ಗುರುತು ಹಾಕದಿದ್ದರೂ ಹಾಗೆಯೇ ಹುಡುಕುತ್ತದೆ. ಆದರೆ "ಕಾಡು*" ಎಂದರೂ "ಕಾಡಿನ" ಬಾರದು, ಕೊನೆಯ ಉಕಾರ ಅಡ್ಡ ಬರುತ್ತದೆ. "ಕಾಡ*" ಎಂದು ಉಕಾರ ಬಿಟ್ಟು ಹೊಡೆದರೆ ಕಾಡು, ಕಾಡಿನ, ಕಾಡಿಗೆ ಎಲ್ಲವೂ ಬರುತ್ತವೆ, ಏಕೆಂದರೆ ಯುನಿಕೋಡಿನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಬೇರೆಯೇ ಅಕ್ಷರವಾಗಿ ಕೂರುತ್ತದೆ. ಅದೇ ಉಪಾಯವನ್ನು "ಮರ*" ಎಂದು ಬಳಸಿದರೆ ಮರದ ಜೊತೆ ಮರಣವೂ ಮರಾಠರೂ ಬಂದು ಸೇರುತ್ತಾರೆ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಓದುಗರೇ ಮಾಡಿ ನೋಡಬೇಕು. ಎರಡು ಸಲ ಮಾಡಿದರೆ ಕೈಗೆ ಹತ್ತುತ್ತದೆ.

ಪದಗಳ ನಡುವಿನ ಜಾಗವೂ ಹೀಗೆಯೇ. "ಚೋಮನ ದುಡಿ", "ಚೋಮನದುಡಿ" ಎರಡೂ ರೂಢಿಯಲ್ಲಿವೆ, ಕ್ಯಾಟಲಾಗಿಗೆ ಅವು ಬೇರೆ ಬೇರೆ. ಒಂದು ಸಿಗದಿದ್ದರೆ ಇನ್ನೊಂದನ್ನು ಪ್ರಯತ್ನಿಸಲು ಹೇಳಿ. ಕುವೆಂಪು ಎಂದರೂ ಕೆ.ವಿ. ಪುಟ್ಟಪ್ಪ ಎಂದರೂ ಒಬ್ಬರೇ ಎಂದು ಕ್ಯಾಟಲಾಗಿಗೆ ತಿಳಿಸಿಕೊಡುವುದು ಮಾತ್ರ ಓದುಗರ ಹೊಣೆಯಲ್ಲ, ನಮ್ಮದು. ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ತುಂಬಿಟ್ಟ ಹಳೆಯ ದಾಖಲೆಗಳನ್ನು ಬದಲಾಯಿಸುವುದೂ ನಮ್ಮದೇ. ಅಲ್ಲಿಯವರೆಗೆ ಆ ಪುಸ್ತಕಗಳು ಕನ್ನಡದಲ್ಲಿ ಟೈಪ್ ಮಾಡಿದ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ.

5. ಕ್ಯಾಟಲಾಗು ಗೂಗಲ್‌ನಂತೆ ಅಲ್ಲ ಎಂದು ನೇರವಾಗಿ ಹೇಳಿ.

ಗೂಗಲ್ ಪುಟಗಳ ನಡುವಿನ ಕೊಂಡಿಗಳನ್ನು ಎಣಿಸುತ್ತದೆ, ನೀವೆಲ್ಲಿದ್ದೀರಿ ಎಂಬುದನ್ನೂ ನೋಡುತ್ತದೆ. ನಮ್ಮ ಕ್ಯಾಟಲಾಗಿಗೆ ನೀವು ಯಾರೆಂದು ಗೊತ್ತಿಲ್ಲ. ಪ್ರಾಧ್ಯಾಪಕರಿಗೂ ಮೊದಲ ವರ್ಷದ ಬಿ.ಎ. ಹುಡುಗನಿಗೂ ಒಂದೇ ಪಟ್ಟಿ. ನನಗಂತೂ ಇದು ಕೊರತೆ ಅನ್ನಿಸುವುದಿಲ್ಲ.

6. ಯಾವಾಗ ಪಟ್ಟಿಯ ಈ ಕ್ರಮವನ್ನು ಬಿಡಬೇಕು ಎಂಬುದನ್ನೂ ಕಲಿಸಿ.

ಹೆಸರು ಗೊತ್ತಿರುವ ಪುಸ್ತಕಕ್ಕೆ ಶೀರ್ಷಿಕೆಯ ಕಾಲಂ ಸಾಕು. ಪಿಎಚ್.ಡಿ. ಮಾಡುವವರಿಗೆ ಪಟ್ಟಿಯ ಮೊದಲ ಪುಟ ಯಾವ ಪ್ರಯೋಜನಕ್ಕೂ ಇಲ್ಲ, ಅವರಿಗೆ ಇರುವುದೆಲ್ಲ ಬೇಕು. ಅವರು ಒಂದು ಒಳ್ಳೆಯ ಪುಸ್ತಕದ ದಾಖಲೆ ತೆರೆದು, ಅಲ್ಲಿರುವ ವಿಷಯಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿ, ಬಂದದ್ದನ್ನು ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿಕೊಳ್ಳಲಿ. ಜನಪ್ರಿಯತೆಯ ಪ್ರಕಾರ ಜೋಡಿಸುವ ಸೌಲಭ್ಯವೂ ಕೋಹಾದಲ್ಲಿದೆ, ಎಷ್ಟು ಸಲ ಇಶ್ಯೂ ಆಗಿದೆ ಎಂಬ ಲೆಕ್ಕದ ಮೇಲೆ. ಕಾಲೇಜಿನಲ್ಲಿ ಅದನ್ನು ಒತ್ತಿದರೆ ಪರೀಕ್ಷೆಯ ಗೈಡುಗಳೇ ಮೇಲೆ ಬರುತ್ತವೆ.

7. ದಾಖಲೆಯಲ್ಲಿ ಇಲ್ಲದ್ದನ್ನು ಯಾವ ಸೂತ್ರವೂ ಮೇಲೆ ತರಲಾರದು.

ನಮ್ಮ ಅಭಿನಂದನ ಗ್ರಂಥಗಳನ್ನು ನೋಡಿ. ಒಬ್ಬ ವಿದ್ವಾಂಸರ ಹೆಸರಿನ ದಪ್ಪ ಸಂಪುಟ. ಒಳಗೆ ಶಾಸನ, ಛಂದಸ್ಸು, ಜಾನಪದ, ಗ್ರಾಮನಾಮ ಎಂದು ಹತ್ತಾರು ಲೇಖನಗಳು. ಆ ವಿಷಯದ ಮೇಲೆ ಬೇರೆಲ್ಲೂ ಸಿಗದ ಕೆಲಸ ಎಷ್ಟೋ ಸಲ ಅಲ್ಲೇ ಇರುತ್ತದೆ. ಕ್ಯಾಟಲಾಗಿನಲ್ಲಿ ಇರುವುದು ಮಾತ್ರ ಸಂಪುಟದ ಹೆಸರು, ಸಂಪಾದಕರ ಹೆಸರು. ಗ್ರಾಮನಾಮಗಳ ಬಗ್ಗೆ ಹುಡುಕುವ ವಿದ್ಯಾರ್ಥಿಗೆ ಅದು ಪಟ್ಟಿಯ ಕೊನೆಯ ಪುಟದಲ್ಲೂ ಸಿಗದು. ಕ್ಯಾಟಲಾಗಿನ ಮಾರ್ಕ್ 21 ನಮೂನೆಯ ದಾಖಲೆಯಲ್ಲಿ 505 ಎಂಬ ಟ್ಯಾಗ್ ಇರುವುದು ಪರಿವಿಡಿ ತುಂಬಲೆಂದೇ. ಸಮಯವಿಲ್ಲ ಎಂದು ಹೆಚ್ಚಿನ ಕಡೆ ಅದನ್ನು ಖಾಲಿ ಬಿಡುತ್ತಾರೆ. ಪರೀಕ್ಷೆ ಮುಗಿದು ಓದುಗರು ಕಡಿಮೆಯಿರುವ ವಾರಗಳಲ್ಲಿ ನಾನು ಒಂದೊಂದೇ ಸಂಪುಟ ತೆಗೆದು ಲೇಖನದ ಹೆಸರು, ಲೇಖಕರ ಹೆಸರು ಟೈಪ್ ಮಾಡುತ್ತೇನೆ. ಯಾವ ಕಾಲೇಜಾದರೂ ಸರಿ, ಕನ್ನಡ ಎಂ.ಎ. ಇರುವ ಕಡೆಯ ಗ್ರಂಥಪಾಲಕರು ತಮ್ಮ ಕಪಾಟಿನ ಅಭಿನಂದನ ಗ್ರಂಥಗಳಿಂದಲೇ ಈ ಕೆಲಸ ಶುರು ಮಾಡಲಿ.