ಹಿಮ್ಮೇಳದ ಜಗಳ

1954ರಲ್ಲಿ ಲಂಡನ್ನಿನ ಶಾಲಾ ಹುಡುಗನೊಬ್ಬ ಮನೆಯ ಪುಟ್ಟ ಪ್ರೊಜೆಕ್ಟರಿಗೆಂದು ತರಿಸಿಕೊಂಡ ಫ್ರೆಂಚ್ ಚಿತ್ರ ಅವನಿಗೆ ಹಿಡಿಸಲಿಲ್ಲ. ಅದನ್ನು ವಾಪಸ್ ಕೊಟ್ಟು ಬೇರೆ ಯಾವುದಾದರೂ ಕೊಡಿ ಎಂದ. ಬಂದದ್ದು ‘ನೆಪೋಲಿಯನ್’ ಎಂಬ ಮೂಕಿ ಚಿತ್ರದ ಎರಡು ರೀಲು. ಹುಡುಗನ ಹೆಸರು ಕೆವಿನ್ ಬ್ರೌನ್‌ಲೊ. ಆ ಎರಡು ರೀಲಿನ ಹಿಂದುಮುಂದೆಲ್ಲ ಎಲ್ಲಿದೆ ಎಂದು ಹುಡುಕುವುದರಲ್ಲಿ ಅವನ ಆಯುಷ್ಯದ ದೊಡ್ಡ ಪಾಲು ಕಳೆಯಿತು.

ಆ ರೀಲುಗಳ ಅಗಲ ಒಂಬತ್ತೂವರೆ ಮಿಲಿಮೀಟರ್. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ ಮನೆಗಳಿಗೆಂದೇ ತಂದ ಅಳತೆ ಅದು. ಥಿಯೇಟರಿನ ಫಿಲ್ಮಿಗೆ ಎರಡೂ ಅಂಚಿನಲ್ಲಿ ತೂತುಗಳ ಸಾಲು. ಇದಕ್ಕೆ ನಟ್ಟನಡುವೆ, ಎರಡು ಫ್ರೇಮುಗಳ ಮಧ್ಯೆ, ಒಂದೇ ತೂತು. ಮೂಕಿ ಚಿತ್ರವನ್ನು ಮನೆಗೆ ಮಾರುವ ವ್ಯಾಪಾರ ವೀಡಿಯೊ ಕ್ಯಾಸೆಟ್ಟಿನ ಜೊತೆ ಹುಟ್ಟಿದ್ದೇನಲ್ಲ, ಮೂಕಿಗಳು ಇನ್ನೂ ಥಿಯೇಟರಿನಲ್ಲಿ ಓಡುತ್ತಿದ್ದಾಗಲೇ ಇತ್ತು. ಮನೆಗೆ ಕಳಿಸುವಾಗ ಚಿತ್ರವನ್ನು ಕತ್ತರಿಸಿ ಗಿಡ್ಡ ಮಾಡುವ ಚಾಳಿಯೂ ಆಗಿನದೇ.

ಬೆಂಗಳೂರಿನ ಒಂದು ಪುಟ್ಟ ಚಿತ್ರ ಸಮಾಜಕ್ಕೆ ಹಳೆಯ ಚಿತ್ರಗಳ ಡಿಸ್ಕು ಹುಡುಕಿ ತರಿಸುವ ಕೆಲಸ ಬಹುಕಾಲದಿಂದ ನನ್ನ ಹೆಗಲ ಮೇಲಿದೆ. ಟಾಕಿಯಾದರೆ ಪ್ರಿಂಟು ಚೆನ್ನಾಗಿದೆಯೇ ಎಂದು ವಿಚಾರಿಸಿದರೆ ಮುಗಿಯಿತು. ಮೂಕಿಗೆ ಬಂದರೆ ಆ ಪ್ರಶ್ನೆಯ ಸರದಿ ಮೂರನೆಯದು. ಹಿಮ್ಮೇಳ ಯಾರದು, ವೇಗ ಎಷ್ಟು ಎಂಬುದನ್ನು ಮೊದಲು ಕೇಳಬೇಕು. ಇದನ್ನು ನನಗೆ ಕಲಿಸಿದ್ದು ಬಹುಮಟ್ಟಿಗೆ ‘ನೆಪೋಲಿಯನ್’ ಒಂದೇ.

ಆಬೆಲ್ ಗಾನ್ಸ್ ನಿರ್ದೇಶಿಸಿದ ಆ ಚಿತ್ರ 1927ರ ಏಪ್ರಿಲ್ 7ರಂದು ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಮೊದಲು ತೆರೆಕಂಡಿತು. ಅಂದು ತೋರಿಸಿದ್ದು ಸುಮಾರು ನಾಲ್ಕು ಗಂಟೆಯ ಆವೃತ್ತಿ. ಮರುತಿಂಗಳು ಅಪೊಲೊ ಥಿಯೇಟರಿನಲ್ಲಿ ತೋರಿಸಿದ್ದು ಅದರ ಎರಡರಷ್ಟಕ್ಕೂ ಉದ್ದ. ಅಂದರೆ ಮೊದಲ ಎರಡು ತಿಂಗಳಲ್ಲೇ ಇದ್ದದ್ದು ಎರಡು ‘ನೆಪೋಲಿಯನ್’. ಆಮೇಲೆ ಹಂಚಿಕೆದಾರರು ದೇಶಕ್ಕೊಂದು ರೀತಿ ಕತ್ತರಿ ಹಾಕಿದರು. ಟಾಕಿ ಬಂದಮೇಲೆ ಗಾನ್ಸ್ ತಾವೇ ಮಾತು ಸೇರಿಸಿ ಮತ್ತೊಂದು ಮಾಡಿದರು. ‘ಮೂಲ’ಕ್ಕೆ ಮರಳುತ್ತೇವೆ ಎಂದು ಹೊರಟವರು ಯಾವ ಮೂಲಕ್ಕೆ ಎಂದು ಹೇಳಲೇಬೇಕಾದ ಪರಿಸ್ಥಿತಿ ಇದು.

ಬ್ರೌನ್‌ಲೊ ಬೇರೆಬೇರೆ ದೇಶಗಳ ಭಂಡಾರಗಳಿಂದ ತುಂಡುಗಳನ್ನು ಕೂಡಿಸಿದರು. 1979ರಲ್ಲಿ ಅಮೆರಿಕದ ಟೆಲ್ಯೂರೈಡ್ ಚಿತ್ರೋತ್ಸವದಲ್ಲಿ ಬಯಲಲ್ಲಿ ತೋರಿಸಿದಾಗ 89ರ ಗಾನ್ಸ್ ತಮ್ಮ ಹೋಟೆಲ್ ಕೋಣೆಯ ಕಿಟಕಿಯಿಂದಲೇ ನೋಡಿದರು. 1980ರ ನವೆಂಬರ್ 30ರಂದು ಲಂಡನ್ನಿನಲ್ಲಿ ಕಾರ್ಲ್ ಡೇವಿಸ್ ಅವರ ವಾದ್ಯವೃಂದದೊಂದಿಗೆ ಸುಮಾರು ಐದು ಗಂಟೆಯ ಪ್ರದರ್ಶನ. 1981ರ ಜನವರಿಯಲ್ಲಿ ನ್ಯೂಯಾರ್ಕಿನ ಆರು ಸಾವಿರ ಸೀಟಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅದೇ ಚಿತ್ರವನ್ನು ತೋರಿಸಿದರು. ಅಲ್ಲಿ ಸಂಗೀತ ಅವರ ತಂದೆ ಕಾರ್ಮೈನ್ ಕೊಪ್ಪೊಲ ಅವರದು.

ಜಗಳದ ಬೀಜ ಬಿದ್ದದ್ದು ಇಲ್ಲಿಯೇ. ಯಕ್ಷಗಾನದಲ್ಲಿ ವೇಷಧಾರಿಗಳು ಅವರೇ ಇದ್ದು ಭಾಗವತರು ಬದಲಾದರೆ ಆಟದ ನಡೆಯೇ ಬದಲಾಗುತ್ತದಲ್ಲ, ಹಾಗಾಯಿತು. ಡೇವಿಸ್ ಬೆತೋವನ್ ಕೃತಿಗಳನ್ನು ಆಧಾರವಾಗಿಟ್ಟುಕೊಂಡು ತಮ್ಮದನ್ನು ನಡುನಡುವೆ ಹೆಣೆದಿದ್ದರು. ಪರಿಚಿತ ಕೃತಿಗಳನ್ನು ಸಂದರ್ಭ ನೋಡಿ ಜೋಡಿಸುವುದು ಮೂಕಿ ಕಾಲದ ವಾದ್ಯಗಾರರ ರೂಢಿಯೂ ಹೌದು. ಬೆತೋವನ್ ತಮ್ಮ ಮೂರನೆಯ ಸಿಂಫನಿಯನ್ನು ಮೊದಲು ನೆಪೋಲಿಯನ್ನನಿಗೇ ಅರ್ಪಿಸಲು ಹೊರಟಿದ್ದರು. ಕೊಪ್ಪೊಲ ಪಾಳಯ ಚಿತ್ರವನ್ನು ಸೆಕೆಂಡಿಗೆ 24 ಫ್ರೇಮಿನ ಟಾಕಿ ವೇಗದಲ್ಲಿ ಓಡಿಸಿ, ಕೆಲವು ದೃಶ್ಯ ಬಿಟ್ಟು, ನಾಲ್ಕು ಗಂಟೆಗೆ ಇಳಿಸಿತು. ಸಮಯ ಮೀರಿದರೆ ಹಾಲಿನ ಸಿಬ್ಬಂದಿಗೆ ಹೆಚ್ಚುವರಿ ಕೂಲಿ ಕೊಡಬೇಕಾಗಿತ್ತು ಎಂಬುದು ಅದಕ್ಕಿದ್ದ ಒಂದು ಕಾರಣ.

ವೇಗದ ಲೆಕ್ಕ ಸುಲಭ. 20 ಫ್ರೇಮಿನಲ್ಲಿ ಐದೂವರೆ ಗಂಟೆ ಓಡುವ ಚಿತ್ರ 24ರಲ್ಲಿ ನಾಲ್ಕು ಗಂಟೆ 35 ನಿಮಿಷಕ್ಕೆ ಮುಗಿಯುತ್ತದೆ. ಒಂದು ಫ್ರೇಮನ್ನೂ ಕತ್ತರಿಸದೆ ಐವತ್ತೈದು ನಿಮಿಷ ಮಾಯ. ಸೈನಿಕರು ನಡೆಯುವ ಬದಲು ತುರುತುರು ಓಡುತ್ತಾರೆ, ಗಂಭೀರ ಮುಖಗಳೂ ಒಮ್ಮೊಮ್ಮೆ ನಗೆ ತರಿಸುತ್ತವೆ.

ಹಕ್ಕುಗಳ ಒಂದು ಭಾಗ ಕೊಪ್ಪೊಲ ಕಂಪನಿಯ ಕೈಸೇರಿದ್ದರಿಂದ ಅಮೆರಿಕದಲ್ಲಿ ತಂದೆಯ ಸಂಗೀತದ ಆವೃತ್ತಿಯೇ ಚಾಲ್ತಿಯಲ್ಲಿ ಉಳಿಯಿತು. ವೀಡಿಯೊ ಕ್ಯಾಸೆಟ್ಟಾಗಿ ಬಂದದ್ದೂ ಅದೇ. 2000ದ ಹೊತ್ತಿಗೆ ಬ್ರೌನ್‌ಲೊ ಆವೃತ್ತಿ ಐದೂವರೆ ಗಂಟೆಗೆ ಬೆಳೆದಿತ್ತು, ಆದರೂ ಅಟ್ಲಾಂಟಿಕ್ ದಾಟಲಾಗಲಿಲ್ಲ. 2004ರಲ್ಲಿ ಲಂಡನ್ನಿನಲ್ಲಿ ಡೇವಿಸ್ ಸಂಗೀತದೊಂದಿಗೆ ತೋರಿಸಲು ಹೊರಟಾಗಲೂ ಕಾನೂನು ಕ್ರಮದ ಎಚ್ಚರಿಕೆ ಬಂತು, ಪ್ರದರ್ಶನವೇನೋ ನಡೆಯಿತು. ಡೇವಿಸ್ ಸಂಗೀತವನ್ನು ಅಮೆರಿಕದ ಪ್ರೇಕ್ಷಕರು ಚಿತ್ರದ ಜೊತೆ ಕೇಳಿದ್ದು 2012ರಲ್ಲಿ, ಓಕ್‌ಲ್ಯಾಂಡಿನ ಪ್ಯಾರಮೌಂಟ್ ಥಿಯೇಟರಿನ ನಾಲ್ಕು ಪ್ರದರ್ಶನಗಳಲ್ಲಿ.

ಕೊಪ್ಪೊಲ ಅವರನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸಲೀಸು, ಮೂಕಿ ಪ್ರಿಯರಲ್ಲಿ ಅದೊಂದು ಹವ್ಯಾಸವೇ ಆಗಿದೆ. ನನ್ನ ಕಿವಿಯ ಮತವೂ ಡೇವಿಸ್ ಕಡೆಗೇ. ಆದರೆ ಮರೆತುಹೋಗಿದ್ದ ಒಂದು ಮೂಕಿ ಚಿತ್ರಕ್ಕೆ ಆರು ಸಾವಿರ ಸೀಟಿನ ಹಾಲು ಹಿಡಿಯುವ ಧೈರ್ಯ ಮಾಡಿದ್ದು ಅವರು. ಗಾನ್ಸ್ ತೀರಿಕೊಂಡದ್ದು ಅದೇ 1981ರ ನವೆಂಬರಿನಲ್ಲಿ; ನ್ಯೂಯಾರ್ಕಿನ ಚಪ್ಪಾಳೆಯನ್ನು ಅವರು ಫೋನಿನಲ್ಲಿ ಕೇಳಿಸಿಕೊಂಡಿದ್ದರು. ಅಪ್ಪನ ಸಂಗೀತ ಉಳಿಯಲಿ ಎಂದು ಮಗ ಹಟ ಹಿಡಿದರೆ ಅದು ನಮ್ಮವರಿಗೆ ಅರ್ಥವಾಗದ ವಿಷಯವೂ ಅಲ್ಲ.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೊನೆಗೂ 2016ರ ನವೆಂಬರಿನಲ್ಲಿ ಬ್ಲೂ-ರೇ ಹೊರತಂದಿತು. ಹಕ್ಕು ಬ್ರಿಟನ್ನಿಗೆ ಸೀಮಿತವಾದ್ದರಿಂದ ಡಿಸ್ಕಿಗೂ ಬೇಲಿ. ಬ್ಲೂ-ರೇ ಲೋಕದಲ್ಲಿ ಅಮೆರಿಕ ‘ಎ’ ವಲಯ, ಬ್ರಿಟನ್ ‘ಬಿ’, ಭಾರತ ‘ಸಿ’. ನಮ್ಮಲ್ಲಿ ಕೊಂಡ ಪ್ಲೇಯರಿಗೆ ಬ್ರಿಟನ್ನಿನ ಡಿಸ್ಕು ಹಾಕಿದರೆ ಒಳಗೆ ಎಳೆದುಕೊಳ್ಳುತ್ತದೆ, ತುಸು ಗುರುಗುಟ್ಟುತ್ತದೆ, ಆಮೇಲೆ ಈ ವಲಯದ್ದಲ್ಲ ಎಂದು ತೆರೆಯ ಮೇಲೆ ಹೇಳಿ ಸುಮ್ಮನಾಗುತ್ತದೆ. ಎಲ್ಲ ವಲಯವನ್ನೂ ಓದುವ ಪ್ಲೇಯರೊಂದನ್ನು ನಮ್ಮ ಸಮಾಜ ಚಂದಾ ಎತ್ತಿ ತಂದಿತು. ನನಗೆ ತಿಳಿದಂತೆ ಸದಸ್ಯರು ಗೊಣಗದೆ ದುಡ್ಡು ಕೊಟ್ಟ ಸಂದರ್ಭ ಅದೊಂದೇ.

ಬೇಲಿ ದಾಟಿದ ಮೇಲೂ ಒಂದು ತೊಡಕಿದೆ, ಅದಕ್ಕೆ ಯಾವ ವಕೀಲರೂ ಕಾರಣರಲ್ಲ. ಚಿತ್ರದ ಕೊನೆಯಲ್ಲಿ, ನೆಪೋಲಿಯನ್ನನ ಸೇನೆ ಇಟಲಿಗೆ ಇಳಿಯುವಾಗ, ಒಂದು ಪರದೆ ಮೂರಾಗುತ್ತದೆ. ಮೂರು ಪ್ರೊಜೆಕ್ಟರುಗಳು ಅಕ್ಕಪಕ್ಕ ಬಿಂಬಿಸಿದ ಚಿತ್ರ ಎತ್ತರದ ನಾಲ್ಕು ಪಟ್ಟು ಅಗಲಕ್ಕೆ ಹರಡುತ್ತದೆ. ಥಿಯೇಟರಿನಲ್ಲಿ ಜನ ಉಸಿರು ಬಿಗಿಹಿಡಿಯುವುದು ಆಗಲೇ. 55 ಇಂಚಿನ ಟಿವಿಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿಯವರೆಗೆ ಟಿವಿಯ ಪೂರ್ತಿ ಎತ್ತರ ತುಂಬಿದ್ದ ಚಿತ್ರ, ಅಂದರೆ ಎರಡೂಕಾಲು ಅಡಿಯದ್ದು, ಒಮ್ಮೆಲೇ ಒಂದಡಿ ಎತ್ತರದ ಪಟ್ಟಿಗೆ ಕುಗ್ಗುತ್ತದೆ. ಉಬ್ಬಬೇಕಾದ ಗಳಿಗೆಯಲ್ಲಿ ಸೊರಗುತ್ತದೆ. ಪ್ರಕಾಶಕರಿಗೂ ಇದು ಗೊತ್ತು. ಒಂದೇ ಪರದೆಯ ಇನ್ನೊಂದು ಅಂತ್ಯವನ್ನೂ ಡಿಸ್ಕಿನಲ್ಲಿ ಕೊಟ್ಟಿದ್ದಾರೆ. ನಾವು ಪ್ರೊಜೆಕ್ಟರ್ ಹಿಂದಕ್ಕೆ ಸರಿಸಿ, ಗೋಡೆಗೆ ಬಿಳಿ ಪಂಚೆಗಳನ್ನು ಹೊಲಿದು ಕಟ್ಟಿ ತೋರಿಸಿದೆವು. ನೆರಿಗೆ ಬಿದ್ದ ಕಡೆ ಸೇನೆಯೂ ನೆರಿಗೆಯಾಯಿತು, ಆದರೂ ಜನ ಎದ್ದು ನಿಂತರು.

ವೇಗ, ಸಂಗೀತಗಳ ತಕರಾರನ್ನು ಪ್ರೇಕ್ಷಕನ ಕೈಗೇ ಒಪ್ಪಿಸಿದ ಪ್ರಕಾಶಕರೂ ಇದ್ದಾರೆ. ಕಾರ್ಲ್ ಡ್ರೈಯರ್ ಅವರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದ ಮೂಲ ನೆಗೆಟಿವ್ 1928ರಲ್ಲೇ ಬೆಂಕಿಗೆ ಹೋಗಿತ್ತು. ಸೆನ್ಸಾರು ಮುಟ್ಟದ ಪ್ರಿಂಟೊಂದು 1981ರಲ್ಲಿ ಸಿಕ್ಕಿದ್ದು ಓಸ್ಲೊ ಸಮೀಪದ ಮಾನಸಿಕ ಆಸ್ಪತ್ರೆಯೊಂದರ ಕಪಾಟಿನಲ್ಲಿ. ಈಗಿನ ಬ್ಲೂ-ರೇಗಳಲ್ಲಿ ಅದು 20 ಮತ್ತು 24 ಫ್ರೇಮಿನ ಎರಡು ವೇಗದಲ್ಲೂ, ಬೇರೆಬೇರೆ ಸಂಗೀತದೊಂದಿಗೂ ಸಿಗುತ್ತದೆ. ಒಂದು ಸುಮಾರು 97 ನಿಮಿಷ, ಇನ್ನೊಂದು 82. ವಿಚಾರಣೆಯ ದೃಶ್ಯವನ್ನು ಎರಡೂ ರೀತಿ ಹಾಕಿದಾಗ ನಮ್ಮಲ್ಲಿ ಎರಡು ಪಂಗಡವಾಯಿತು. ಥಿಯೇಟರಿನಲ್ಲಿ ಆಪರೇಟರಾಗಿ ನಿವೃತ್ತರಾದ ಹಿರಿಯರೊಬ್ಬರು ಎರಡೂ ಕಡೆಯವರನ್ನು ಸುಮ್ಮನಾಗಿಸಿದರು: “ಕೈಯಲ್ಲಿ ತಿರುಗಿಸ್ತಿದ್ದ ಕಾಲಕ್ಕೆ ಇಪ್ಪತ್ತು, ಇಪ್ಪತ್ನಾಲ್ಕು ಅಂತ ಲೆಕ್ಕ ಎಲ್ಲಿಂದ ಬರುತ್ತೆ ಸಾರ್? ಒಬ್ಬೊಬ್ಬನ ಕೈ ಒಂದೊಂದು ಥರ.”

‘ಮೆಟ್ರೊಪೊಲಿಸ್’ ಎಂಬ ಮೂಕಿ ಚಿತ್ರದ ಕಥೆ ಬಹಳ ಮಂದಿಗೆ ಗೊತ್ತಿರುವಂಥದು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ 16 ಮಿಲಿಮೀಟರಿನ ನಕಲು ಸಿಕ್ಕಿ, ಕಳೆದುಹೋಗಿದ್ದ ಸುಮಾರು 25 ನಿಮಿಷ ಮರಳಿ ಸೇರಿತು. ಆ ಭಾಗಗಳಲ್ಲಿ ಗೀರುಗಳು ಹಾಗೇ ಇವೆ. ಕಾಣೆಯಾದ ಅಂಚನ್ನು ಊಹಿಸಿ ತುಂಬದೆ ಕಪ್ಪಾಗಿಯೇ ಬಿಟ್ಟಿದ್ದಾರೆ. ಇಂಥ ಪ್ರಾಮಾಣಿಕತೆಗೆ ನನ್ನ ಪೂರ್ಣ ಅಂಕ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಆ ಚಿತ್ರ ಯಾರ ಸ್ವತ್ತೂ ಅಲ್ಲ. ಆದರೆ ಹೊಸ ವಾದ್ಯವೃಂದದ ಧ್ವನಿಮುದ್ರಣಕ್ಕೆ ಮಾಲೀಕರಿದ್ದಾರೆ. ಹಾಗಾಗಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಮೂಕಿಗಳಲ್ಲಿ ಎಷ್ಟೋ ಸಲ ಹಳೆಯ ಕ್ಯಾಸೆಟ್ಟಿನ ಮಸುಕು ಚಿತ್ರಕ್ಕೆ ಯಾವುದೋ ಪಿಯಾನೊ ಅಂಟಿಸಿರುತ್ತಾರೆ. ಸಾವಿನ ಮನೆಯ ದೃಶ್ಯಕ್ಕೆ ಕುಣಿತದ ಗತ್ತು ಬಂದರೂ ಕೇಳುವವರಿಲ್ಲ.

ಉಳಿಸಿದವರೇ ಒಡೆತನ ಸಾಧಿಸಿದ ಪ್ರಸಂಗಗಳೂ ಉಂಟು. ಬಸ್ಟರ್ ಕೀಟನ್ ಚಿತ್ರಗಳು ಮತ್ತೆ ಬೆಳಕಿಗೆ ಬರಲು ರೇಮಂಡ್ ರೋಹಾವರ್ ಎಂಬಾತ ಬಹಳಷ್ಟು ಶ್ರಮಿಸಿದ. ಪ್ರಿಂಟಿನ ಶೀರ್ಷಿಕೆ ಫಲಕಗಳನ್ನು ತಿದ್ದಿ ಹೊಸ ಹಕ್ಕು ಹೂಡುತ್ತಿದ್ದ ಎಂಬ ದೂರೂ ಸಂಗ್ರಾಹಕರಲ್ಲಿ ಅವನ ಹೆಸರಿನೊಂದಿಗೇ ಉಳಿದಿದೆ.

ನಮ್ಮ ದೇಶದಲ್ಲಿ ಈ ವ್ಯಾಜ್ಯಗಳಿಗೆ ಅವಕಾಶವೇ ಕಡಿಮೆ. ಚಿತ್ರದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಮೂಕಿಗಳ ಕಾಲ ಎಂದೋ ದಾಟಿತು. ಆದರೆ ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಉಳಿದಿರುವುದು ಮೂವತ್ತರ ಒಳಗೆ, ಅವುಗಳಲ್ಲೂ ಬರೀ ತುಣುಕುಗಳೇ ಅನೇಕ. ಹಿಮಾಂಶು ರಾಯ್ ನಿರ್ಮಿಸಿದ ‘ಶಿರಾಜ್’ (1928) ಉಳಿದಿದೆ. ‘ನೆಪೋಲಿಯನ್’ ಡಿಸ್ಕು ತಂದ ಬ್ರಿಟಿಷ್ ಸಂಸ್ಥೆಯೇ ಅದನ್ನು ದುರಸ್ತಿ ಮಾಡಿ 2017ರಲ್ಲಿ ಅನುಷ್ಕಾ ಶಂಕರ್ ಸಂಗೀತದೊಂದಿಗೆ ತೋರಿಸಿತು, ಮರುವರ್ಷ ಡಿಸ್ಕೂ ಬಂತು. ಅದರಲ್ಲಿ ಮುಮ್ತಾಜ್ ಆದ ನಟಿ ಏಣಾಕ್ಷಿ ರಾಮರಾವ್. ಆಕೆಯೇ ಮುಂದೆ ಮೋಹನ್ ಭಾವನಾನಿ ನಿರ್ದೇಶನದ ‘ವಸಂತಸೇನಾ’ದಲ್ಲಿ ನಟಿಸಿದರು, ಜೊತೆಗಿದ್ದವರು ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ನಮ್ಮ ಟಿ.ಪಿ. ಕೈಲಾಸಂ. ‘ಶಿರಾಜ್’ ಡಿಸ್ಕು ನಮ್ಮ ಕಪಾಟಿನಲ್ಲಿದೆ. ಕೈಲಾಸಂ ತೆರೆಯ ಮೇಲೆ ಹೇಗಿದ್ದರು ಎಂದು ಸದಸ್ಯರು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ. ಇದ್ದಿದ್ದರೆ ಹಿಮ್ಮೇಳ ಯಾರದಿರಲಿ ಎಂಬುದಕ್ಕೆ ನಾವೂ ಕಾದಾಡುತ್ತಿದ್ದೆವೇನೋ.

‘ನೆಪೋಲಿಯನ್’ ಜಗಳಕ್ಕೆ ಈಗ ಹೊಸ ಅಧ್ಯಾಯ ಸೇರಿದೆ. ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾನ್ಸೇಸ್‌ಗಾಗಿ ಜಾರ್ಜ್ ಮೂರಿಯೆ ವರ್ಷಗಟ್ಟಲೆ ಡಬ್ಬಗಳನ್ನು ತೆರೆದು ನೋಡಿದರು. ಒಪೆರಾ, ಅಪೊಲೊ ಆವೃತ್ತಿಗಳ ತುಂಡುಗಳು ಹಿಂದಿನ ಜೋಡಣೆಗಳಲ್ಲಿ ಬೆರೆತಿವೆ ಎಂದು ಕಂಡುಕೊಂಡು ಅವನ್ನು ಬಿಡಿಸಿ ಏಳು ಗಂಟೆಯ ಚಿತ್ರ ಕಟ್ಟಿದರು. ಮೊದಲ ಭಾಗವನ್ನು 2024ರ ಮೇ ತಿಂಗಳಲ್ಲಿ ಕ್ಯಾನ್‌ನಲ್ಲಿ ತೋರಿಸಿದರು. ಜುಲೈ 4 ಮತ್ತು 5ರಂದು ಪ್ಯಾರಿಸ್ಸಿನ ಅಂಚಿನಲ್ಲಿ ಪೂರ್ಣ ಪ್ರದರ್ಶನವಾಯಿತು. ಡೇವಿಸ್ ಸಂಗೀತ ಇದರಲ್ಲಿಲ್ಲ, ಕೊಪ್ಪೊಲ ಅವರದೂ ಇಲ್ಲ. ಬೇರೆಬೇರೆ ಸಂಗೀತಕಾರರ ಕೃತಿಗಳನ್ನು ಸೀಮೋ ಕ್ಲೊಕೆ-ಲಫೊಲಿ ಹೊಸದಾಗಿ ಹೊಲಿದು ಕೊಟ್ಟಿದ್ದಾರೆ. ಪ್ಯಾರಿಸ್ಸಿನವರೇ ಇದನ್ನು ಎರಡು ಸಂಜೆಗೆ ಹಂಚಿದ್ದನ್ನು ಹೇಳಿದರೂ ಒಂದೇ ಭಾನುವಾರ ಮುಗಿಸೋಣ ಎನ್ನುವವರು ನಮ್ಮ ಸಮಾಜದಲ್ಲಿ ಬಹುಮತದಲ್ಲಿದ್ದಾರೆ. ಊಟಕ್ಕೆ ಯಾವ ಯುದ್ಧದ ನಂತರ ಏಳುವುದು ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.