ಗಂಗಾಳದಲ್ಲಿ ಇದ್ದದ್ದು ಮೈಮೇಲೆ ಕಾಣುತ್ತದೆ

ನಮ್ಮ ಕಡೆ ಬಿಸಿಲು ಬಹಳ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಯಾವ ಊರಾದರೂ ಅಷ್ಟೇ. ಗದ್ದೆಯಲ್ಲಿ, ಗಣಿಯಲ್ಲಿ, ಬಾಳೆ ತೋಟದಲ್ಲಿ ನಾವು ಬಿಸಿಲಲ್ಲೇ ದುಡಿಯುತ್ತೇವೆ. ಚರ್ಮ ಒಣಗುತ್ತದೆ, ಒಡೆಯುತ್ತದೆ. ಆಗ ಅಂಗಡಿಗೆ ಹೋಗುತ್ತೇವೆ. "ಬೆಳ್ಳಗಾಗೋ ಕ್ರೀಮು ಕೊಡ್ರಿ" ಅಂತ ಕೇಳುತ್ತೇವೆ.

ಬೆಳ್ಳಗಿರುವುದೇ ಆರೋಗ್ಯವಲ್ಲ. ಕಪ್ಪು ಮೈಯೂ ಆರೋಗ್ಯದ ಮೈಯೇ. ಚರ್ಮ ನುಣುಪಾಗಿರಬೇಕು. ಗಾಯ ಬೇಗ ಮಾಯಬೇಕು. ಅದಕ್ಕೆ ಒಳ್ಳೆಯ ಊಟ ಬೇಕು. ಸಂಡೂರಿನ ಕೆಂಪು ಧೂಳು ತೊಳೆದರೆ ಹೋಗುತ್ತದೆ. ಊಟದ ಕೊರತೆ ತೊಳೆದರೆ ಹೋಗುವುದಿಲ್ಲ.

ರೊಟ್ಟಿಯ ಜೊತೆ ಏನಿದೆ?

ಪೆಲ್ಲಾಗ್ರ ಎಂಬ ಕಾಯಿಲೆ ಇದೆ. ಕುತ್ತಿಗೆ, ಕೈ, ಕಾಲು, ಹೀಗೆ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಭೇದಿ ಆಗುತ್ತದೆ. ಬಿಟ್ಟರೆ ಬುದ್ಧಿಯೂ ಕೆಡುತ್ತದೆ. ಜೀವಕ್ಕೂ ಅಪಾಯ. ಹಿಂದೆ ಜೋಳವನ್ನೇ ಉಣ್ಣುವ ಬಡವರಲ್ಲಿ ಇದು ಕಂಡಿತ್ತು. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿದರು. ನಯಾಸಿನ್ ಎಂಬ ಜೀವಸತ್ವ ಮೈಗೆ ಸಾಲದಿದ್ದರೆ ಈ ಕಾಯಿಲೆ ಬರುತ್ತದೆ.

ಹಾಗಾದರೆ ಜೋಳ ಕೆಟ್ಟದ್ದೇ? ಅಲ್ಲ. ಜೋಳ ಒಳ್ಳೆಯದು. ಆದರೆ ಬರೀ ರೊಟ್ಟಿ, ಖಾರ ಸಾಲದು. ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇರಲಿ. ಬೇಳೆ, ಹುರುಳಿ, ಹೆಸರುಕಾಳು ಇರಲಿ. ಆದಾಗ ಹಾಲು, ತತ್ತಿ, ಮೀನು ಇರಲಿ. ಕಂಪ್ಲಿ ಕಡೆ ಅನ್ನ ಉಣ್ಣುವವರಿಗೂ ಇದೇ ಮಾತು.

ಕಪ್ಪೆಯ ಮೈ

ಕೆಲವು ಮಕ್ಕಳ ಮೊಣಕೈ, ಮೊಣಕಾಲು ಮುಟ್ಟಿ ನೋಡಿ. ಮುಳ್ಳಿನ ಹಾಗೆ ಒರಟು ಗುಳ್ಳೆ ಇರುತ್ತವೆ. ಕಪ್ಪೆಯ ಮೈ ಇದ್ದಂತೆ. ಊಟದಲ್ಲಿ ಒಳ್ಳೆಯ ಎಣ್ಣೆ ಮತ್ತು ಜೀವಸತ್ವ ಕಡಿಮೆ ಆದರೆ ಹೀಗಾಗುತ್ತದೆ. ಕುಸುಬೆ ಎಣ್ಣೆ, ಅಗಸಿ ಚಟ್ನಿ ಒಳ್ಳೆಯವು. ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು, ಪಪ್ಪಾಯಿ, ಗಜ್ಜರಿ ಕೊಡಿ. ಸೊಪ್ಪಿಗೆ ಸ್ವಲ್ಪ ಎಣ್ಣೆ ಹಾಕಿ ಬೇಯಿಸಿ. ಆಗ ಅದರ ಎ ಜೀವಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ.

ಮೈಗೂ ಕಬ್ಬಿಣ ಬೇಕು

ಸಂಡೂರಿನ ಗುಡ್ಡದಲ್ಲಿ ಕಬ್ಬಿಣ ಇದೆ. ನಮ್ಮ ರಕ್ತಕ್ಕೂ ಕಬ್ಬಿಣದ ಅಂಶ ಬೇಕು. ಅದು ಕಡಿಮೆಯಾದರೆ ಮುಖ, ನಾಲಿಗೆ ಬಿಳಿಚುತ್ತವೆ. ಸುಸ್ತಾಗುತ್ತದೆ. ಸೊಪ್ಪು, ಕಾಳು ತಿನ್ನಿ. ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೇ ಚಹಾ ಕುಡಿಯಬೇಡಿ. ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಕೊನೆಗೆ ಉಣ್ಣುವವರು ಯಾರು?

ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು ಕೊನೆಗೆ ಉಣ್ಣುತ್ತಾರೆ. ಅಷ್ಟೊತ್ತಿಗೆ ಪಲ್ಯ ಮುಗಿದಿರುತ್ತದೆ. ಬೇಳೆ ತಳ ಕಂಡಿರುತ್ತದೆ. "ನಂಗೆ ಇಷ್ಟೇ ಸಾಕು ಬಿಡ್ರಿ" ಅನ್ನುತ್ತಾಳೆ ತಾಯಿ. ಸಾಕಾಗುವುದಿಲ್ಲ. ಅವಳೂ ದುಡಿದು ಬಂದವಳು. ಬಸುರಿ, ಬಾಣಂತಿಗೆ ಇನ್ನೂ ಹೆಚ್ಚು ಬೇಕು. ಎಲ್ಲರೂ ಕೂಡಿ ಉಣ್ಣೋಣ. ಇದ್ದ ಪಲ್ಯವನ್ನು ಎಲ್ಲರ ಗಂಗಾಳಕ್ಕೂ ಹಂಚೋಣ. ಇದಕ್ಕೆ ರೊಕ್ಕ ಬೇಕಿಲ್ಲ.

ಆಸ್ಪತ್ರೆಗೆ ಯಾವಾಗ?

ಎಲ್ಲ ಚರ್ಮರೋಗವೂ ಊಟದಿಂದ ವಾಸಿಯಾಗುವುದಿಲ್ಲ. ಕಜ್ಜಿಗೆ, ಹುಳುಕಡ್ಡಿಗೆ ಔಷಧಿ ಬೇಕು. ಮೈಮೇಲೆ ಬಿಳುಪಾದ ಅಥವಾ ಕೆಂಪಾದ ಮಚ್ಚೆ ಇದೆಯೇ? ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲವೇ? ಅದು ಕುಷ್ಠರೋಗ ಇರಬಹುದು. ಹೆದರಬೇಡಿ, ಮುಚ್ಚಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಬೇಗ ಹೋದರೆ ಪೂರ್ತಿ ಗುಣವಾಗುತ್ತದೆ.

ನೆನಪಿಡೋಣ

ರೊಟ್ಟಿಗೆ ಕಾಳು ಜೊತೆ.
ಸೊಪ್ಪಿಗೆ ಎಣ್ಣೆ ಜೊತೆ.
ಊಟಕ್ಕೆ ಮನೆಮಂದಿಯೆಲ್ಲ ಜೊತೆ.

ಓದಿ, ಉತ್ತರ ಹೇಳಿ

1. ಬರೀ ರೊಟ್ಟಿ, ಖಾರ ಯಾಕೆ ಸಾಲದು?
2. ಸೊಪ್ಪಿಗೆ ಎಣ್ಣೆ ಯಾಕೆ ಹಾಕಬೇಕು?
3. ನಿನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರ ಗಂಗಾಳದಲ್ಲಿ ಏನಿತ್ತು? ಬರೆಯಿರಿ.